ಡೆಲ್ಬರ್ಟ್‌ನನ್ನು ಮಾತಾಡಿಸಬಾರದು

ಇದು ನಡೆದದ್ದು. ನಾನು ಹೇಳಿದೆನೆಂಬ ಕಾರಣಕ್ಕೆ ಗಾರ್ಲೊ ಊರಿನಲ್ಲಿ ಯಾರೂ ಯಾವುದನ್ನೂ ನಂಬುವುದಿಲ್ಲವಾದ್ದರಿಂದ ಸಾಕ್ಷಿಯನ್ನು ಮೊದಲೇ ಮುಂದಿಡುತ್ತೇನೆ. ನನ್ನ ಟ್ರಂಕಿನ ತಳದಲ್ಲಿ ಒಂದು ಪ್ಯಾಂಟು ಇದೆ. ತಿಳಿನೀಲಿ ಹೂವಿನ ಬಟ್ಟೆ. ಹಿಂಬದಿಯ ಹೊಲಿಗೆ ಮೇಲಿನಿಂದ ಕೆಳಗಿನವರೆಗೆ ಬಿಟ್ಟುಹೋಗಿದೆ. ಬಿಟ್ಟ ಜಾಗದ ಎಡಕ್ಕೆ ‘ನಿವ್ವಳ ತೂಕ’ ಎಂದೂ ಬಲಕ್ಕೆ ‘ನಲವತ್ತೆಂಟು ಪೌಂಡು’ ಎಂದೂ ಅಚ್ಚಾಗಿದೆ. ಆ ಪ್ಯಾಂಟು ಹರಿಯದೆ ಇದ್ದಿದ್ದರೆ ಐದು ವಾರ ಒಬ್ಬ ಮನುಷ್ಯನನ್ನು ಊರಿಗೆ ಊರೇ ಮಾತಾಡಿಸದೆ ಬಿಟ್ಟ ಪ್ರಸಂಗ ಹುಟ್ಟುತ್ತಲೇ ಇರಲಿಲ್ಲ.

ಮೂವತ್ತೈದನೆಯ ಇಸವಿಯ ಮೇ ತಿಂಗಳು. ಕ್ಯಾನ್ಸಸ್‌ನ ನಮ್ಮ ಮೂಲೆಯಲ್ಲಿ ಹೊಲಗಳು ನೆಲದ ಮೇಲಿರುವುದಕ್ಕಿಂತ ಹೆಚ್ಚು ಹೊತ್ತು ಗಾಳಿಯಲ್ಲಿರುತ್ತಿದ್ದ ಕಾಲ. ಊಟದ ಮೇಜಿನ ಮೇಲೆ ಧೂಳಿಗೆ ಹೆದರಿ ತಟ್ಟೆಗಳನ್ನು ಬೋರಲಾಗಿಯೇ ಇಡುತ್ತಿದ್ದೆವು, ಬಡಿಸುವ ಗಳಿಗೆಯಲ್ಲಿ ಮಗುಚುತ್ತಿದ್ದೆವು. ಬ್ಯಾಂಕು ಮುಚ್ಚಿಹೋಗಿ ಅದೇ ಕಟ್ಟಡದಲ್ಲಿ ಹೈರಮ್ ಟಟಲ್ ಕ್ಷೌರದಂಗಡಿ ತೆರೆದಿದ್ದ. ಹಳೆಯ ಗಿರಾಕಿಗಳಿಗೆ ವ್ಯತ್ಯಾಸವೇನೂ ಆಗಿಲ್ಲ, ಮೊದಲೂ ತಲೆ ಬೋಳಿಸುತ್ತಿದ್ದರು, ಈಗ ಬೋಳಿಸಿದ ಮೇಲೆ ಕನ್ನಡಿ ಹಿಡಿದು ತೋರಿಸುತ್ತಾರೆ, ಎಂದು ನಾನು ಹೇಳಿದ್ದು ಊರಿನಲ್ಲಿ ಎರಡು ವಾರ ಓಡಾಡಿತು.

ಹೊಗೆಯಾಡುತ್ತ ಉಳಿದಿದ್ದ ಒಂದೇ ಚಿಮಣಿ ಹಿಟ್ಟಿನ ಗಿರಣಿಯದು. ನಾನು ಕಾಲೇಜಿಗೆ ಹೋಗಿ ಲ್ಯಾಟಿನ್ನಿನಲ್ಲಿ ಪದವಿ ಹೊತ್ತು ತಂದು, ಆ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸಕ್ಕೆ ಸೇರಿದ್ದೆ. ಎಲ್ಲರೂ ನನ್ನನ್ನು ಪ್ರೊಫೆಸರ್ ಎನ್ನುತ್ತಿದ್ದರು. ಮನೆಯಲ್ಲಿ ಅಮ್ಮ ಮತ್ತು ನಾನು, ಬರುವುದು ನನ್ನ ಸಂಬಳವೊಂದೇ. ಪಕ್ಕದ ಸ್ಟೂಲಿನಲ್ಲಿ ಡೆಲ್ಬರ್ಟ್ ಸ್ಟೋಕ್ಸ್ ಕೂರುತ್ತಿದ್ದ. ಇಟ್ಟಿಗೆ ಭಟ್ಟಿ ನಿಂತ ಮೇಲೆ ಗಿರಣಿಗೆ ಬಂದವನು. ವಯಸ್ಸಿನಲ್ಲಿ ಹಿರಿಯನಾದರೂ ನಮ್ಮ ಏಳು ಮಂದಿ ಹೊಲಿಗೆಯವರಲ್ಲಿ ಎಲ್ಲರಿಗಿಂತ ಹೊಸಬ. ಚೀಲದ ಬಾಯಿ ಹೊಲಿಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ತನ್ನ ಬಾಯಿ ಹೊಲಿಯುವ ವಿದ್ಯೆ ಮಾತ್ರ ಅವನಿಗೆ ಒಲಿದಿರಲಿಲ್ಲ. ಹತ್ತು ಗಂಟೆಯ ಪಾಳಿಯಲ್ಲಿ ಹತ್ತು ಗಂಟೆಯೂ ಮಾತು: ಅವನ ಸೋದರತ್ತೆಯ ದವಡೆ ಹಲ್ಲು, ಒಂದು ಕಾಲಿನ ಕೋಳಿ, ಹದಿನೆಂಟನೆಯ ಇಸವಿಯಲ್ಲಿ ತಾನು ತಿಂದ ಒಂದು ಪೀಚ್ ಹಣ್ಣು. ಪೀಚ್ ಹಣ್ಣಿನ ಕಥೆ ಮುಗಿಯುವಷ್ಟರಲ್ಲಿ ನಲವತ್ತು ಚೀಲ ಹೊಲಿದಾಗಿರುತ್ತಿತ್ತು.

ಶನಿವಾರ ಪಾಳಿ ಮುಗಿದ ಮೇಲೆ ಗಿರಣಿಯ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುವವನೂ ಅವನೇ.

ತಂಡದ ವೇಷ ಹೇಳಲೇಬೇಕು. ಹಿಂದಿನ ವರ್ಷ ಹಿಟ್ಟು ಕೊಳ್ಳಲು ಯಾರ ಕೈಯೂ ಮುಂದೆ ಬರದಿದ್ದಾಗ ಕಂಪನಿಯವರು ಚೀಲದ ಬಟ್ಟೆಗೆ ಹೂಬಳ್ಳಿಯ ಅಚ್ಚು ಹಾಕಿಸಿದ್ದರು. ಹೆಂಗಸರು ಬಟ್ಟೆಯ ಆಸೆಗೆ ಹಿಟ್ಟು ಕೊಂಡರೆ ಕೊಳ್ಳಲಿ, ಹಿಟ್ಟು ಮುಗಿದ ಮೇಲೆ ಲಂಗ ಹೊಲಿದುಕೊಳ್ಳಲಿ ಎಂಬ ಲೆಕ್ಕಾಚಾರ. ಅಚ್ಚು ಕೆಟ್ಟ ಚೀಲಗಳನ್ನು ತಂಡಕ್ಕೆ ದಾನ ಮಾಡಿದರು. ಹಾಗಾಗಿ ಗಿರಣಿಯ ಮೇಸ್ತ್ರಿಯೂ ತಂಡದ ಯಜಮಾನನೂ ಆದ ಗಸ್ ಡರ್ಕ್ಸನ್, ಶವಪೆಟ್ಟಿಗೆಯ ಮುಚ್ಚಳದಂಥ ಮುಖದ ಆರಡಿ ಆಳು, ಮೈತುಂಬ ಸೂರ್ಯಕಾಂತಿ ಹೊತ್ತು ಬ್ಯಾಟಿನವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಡೆಲ್ಬರ್ಟ್ ಎಸೆದ ಚೆಂಡು ಹಿಡಿಯುತ್ತಿದ್ದ. ಡೆಲ್ಬರ್ಟ್‌ಗೆ ಕೆಂಪು ಚೆರ್ರಿ ಹಣ್ಣು. ಬಲಗಡೆಯ ಬಯಲು ಕಾಯುವ ಪಾದ್ರಿ ಏಮ್ಸ್ ಅವರಿಗೆ ದ್ರಾಕ್ಷಿ ಗೊಂಚಲು. ಅವರು ಎದುರಾಳಿಯ ಕಣ್ತಪ್ಪಿಸಿ ಓಡಿ, ಬೇಸ್ ಎಂಬ ಮುಂದಿನ ಮೂಲೆಯನ್ನು ಕದ್ದಾಗಲೆಲ್ಲ ಟೋಪಿ ತೆಗೆದು ಆಕಾಶದತ್ತ ಕ್ಷಮೆ ಕೇಳುತ್ತಿದ್ದರು. ಮೊದಲ ಬೇಸ್‌ನಲ್ಲಿ ಕ್ಷೌರದ ಹೈರಮ್. ಎದುರಾಳಿ ಓಡಿ ಬಂದು ನಿಂತರೆ, ಕಿವಿಯ ಹಿಂದೆ ಸ್ವಲ್ಪ ಬೆಳೆದಿದೆ ಕಣಯ್ಯ, ಆಟ ಮುಗಿಸಿ ಬಾ, ಎಂದು ಕತ್ತು ನೋಡುತ್ತಿದ್ದ. ನಡುವೆ ನಿಲ್ಲುವ ಲೋನಿ ಪೆಕ್‌ಗೆ ತಿಳಿನೀಲಿ ಹೂವು. ಎಷ್ಟು ಒಗೆದರೂ ಚೀಲದ ಮೇಲಿನ ನಲವತ್ತೆಂಟು ಪೌಂಡಿನ ಮುದ್ರೆ ಹೋಗುತ್ತಿರಲಿಲ್ಲ, ದರ್ಜಿ ಕೆಲಸ ಮಾಡಿದ ಹೆಂಗಸರು ಅದನ್ನು ಬೇಕೆಂದೇ ಎಲ್ಲರ ಹಿಂಬದಿಗೆ ಬರುವಂತೆ ಕತ್ತರಿಸಿದ್ದರು. ಜಿಲ್ಲೆಯಲ್ಲೆಲ್ಲ ನಮ್ಮ ಹೆಸರು ‘ಹೂಗುಚ್ಛ’.

ನಾನು ಆಡುವವನಲ್ಲ. ಬೆಂಚಿನ ಕೊನೆಯಲ್ಲಿ ಕೂತು ಆಟದ ಪುಸ್ತಕ ಬರೆಯುವವನು. ಬ್ಯಾಟಿನವನು ನ್ಯಾಯವಾಗಿ ಹೊಡೆದು ಬೇಸ್ ಮುಟ್ಟಿದರೆ ‘ಹೊಡೆತ’, ಆಟದವರ ಬಾಯಲ್ಲಿ ‘ಹಿಟ್’; ಹಿಡಿಯುವವನು ಎಡವಟ್ಟು ಮಾಡಿದ್ದರಿಂದ ಮುಟ್ಟಿದರೆ ‘ತಪ್ಪು’. ಇದನ್ನು ತೀರ್ಮಾನಿಸುವ ಪೆನ್ಸಿಲ್ ನನ್ನದು. ಬಿಡುವಿದ್ದಾಗ ಅಂಪೈರನ ಗಂಟಲು, ಪಾದ್ರಿಗಳ ಕೆಮ್ಮು, ಗಿರಣಿಯ ಸೀಟಿ ಇವನ್ನೆಲ್ಲ ಅನುಕರಿಸಿ ಬೆಂಚನ್ನು ನಗಿಸುವುದು ನನ್ನ ಉಪಕಸುಬು.

ಇನ್ನೊಂದು ಸಂಗತಿ. ಎಸೆಯುವವನೊಬ್ಬ ಎದುರು ತಂಡಕ್ಕೆ ಒಂದೂ ಹೊಡೆತ ಕೊಡದೆ ಎಸೆಯುತ್ತ ಹೋದರೆ ಅವನ ತಂಡದವರು ಅವನನ್ನು ಮಾತಾಡಿಸುವುದಿಲ್ಲ, ಪಕ್ಕದಲ್ಲಿ ಕೂರುವುದಿಲ್ಲ, ಮುಖ ನೋಡುವುದಿಲ್ಲ. ಮಾತಾಡಿಸಿದರೆ ಮುಂದಿನ ಚೆಂಡೇ ಕೆಡುತ್ತದೆ. ಇದು ಎಲ್ಲ ಊರಿನ ಪದ್ಧತಿ. ಗಾರ್ಲೊದಲ್ಲಿ ಸ್ವಲ್ಪ ಬಿಗಿ. ಇಪ್ಪತ್ತೊಂದನೆಯ ಇಸವಿಯಲ್ಲಿ ನಮ್ಮವನೊಬ್ಬ ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಹಾಗೆ ಎಸೆದಿದ್ದಾಗ ಬೆಂಚಿನಲ್ಲಿದ್ದ ಒಬ್ಬ ದಡ್ಡ, ಚೆನ್ನಾಗಿ ಎಸೀತಿದ್ದೀಯ, ಎಂದುಬಿಟ್ಟ. ಮುಂದಿನ ಚೆಂಡು ಧಾನ್ಯದ ಗೋಪುರವನ್ನು ದಾಟಿತು. ಹಾಗೆಂದವನು ಒರೆಗಾನ್‌ಗೆ ಹೋಗಿ ನೆಲೆಸಬೇಕಾಯಿತು. ಅವನ ಅಮ್ಮನ ಕೈಯ ಜಾಮನ್ನು ಚರ್ಚಿನ ಊಟದಲ್ಲಿ ಇವತ್ತಿಗೂ ಯಾರೂ ಮುಟ್ಟುವುದಿಲ್ಲ.

ಆ ಶನಿವಾರ ಆಟಕ್ಕೆ ಮುಂಚೆ ಗಸ್ ನನ್ನನ್ನು ಧಾನ್ಯದ ಗೋಪುರದ ಹಿಂದಕ್ಕೆ ಕರೆದೊಯ್ದ. ವಿಚಿಟಾದ ಕಂಪನಿ ಕಚೇರಿಯಿಂದ ಕಾಗದ ಬಂದಿತ್ತು: ಹೊಲಿಗೆಯವರಲ್ಲಿ ಒಬ್ಬನನ್ನು ಬಿಡಿಸಬೇಕು. ಕೊನೆಗೆ ಬಂದವನು ಮೊದಲು ಹೋಗಬೇಕು, ಅಂದರೆ ಡೆಲ್ಬರ್ಟ್. ಹೆಂಡತಿ, ಮೂವರು ಹೆಣ್ಣುಮಕ್ಕಳು. ಗಸ್‌ನ ಅಪ್ಪನನ್ನು ಒಂದು ಕಾಲದಲ್ಲಿ ಬಾಗಿಲಿಗೆ ಚೀಟಿ ಅಂಟಿಸಿ ಕೆಲಸದಿಂದ ತೆಗೆದಿದ್ದರಂತೆ. ತಾನು ಯಾರನ್ನಾದರೂ ತೆಗೆದರೆ ಎದುರು ನಿಂತು, ಟೋಪಿ ಕೈಯಲ್ಲಿ ಹಿಡಿದು, ಬಾಯಿಬಿಟ್ಟು ಹೇಳಿಯೇ ತೆಗೆಯುವುದು ಎಂದು ಅವನ ಶಪಥ.

“ಹೊಟ್ಟೆತುಂಬ ಎಸೀಲಿ,” ಎಂದ. “ಆಟ ಮುಗಿದ ಮೇಲೆ ಹೇಳ್ತೀನಿ.”

ಹ್ಯಾಸ್ಕೆಟ್ ಊರಿನ ತಂಡ ಎಂದಿನಂತೆ ಅವರ ಊರಿನ ಹೆಣ ಸಾಗಿಸುವ ಗಾಡಿಯಲ್ಲಿ ಬಂದಿಳಿಯಿತು. ಎರಡನೆಯ ಇನ್ನಿಂಗ್ಸ್‌ನಲ್ಲಿ ಅವರವನೊಬ್ಬ ನೆಲಕ್ಕಂಟಿ ಓಡುವಂತೆ ಚೆಂಡನ್ನು ಬಾರಿಸಿದ. ಲೋನಿ ಬಾಗಿದ. ಬಾಗಿದವನೇ ಹಾಗೇ ನಿಂತ, ಎರಡೂ ಕೈ ಹಿಂದಕ್ಕೆ ಹೋದವು. ಪರ್ ಎಂದ ಸದ್ದು ಬೆಂಚಿನವರೆಗೂ ಕೇಳಿಸಿತ್ತು. ‘ನಿವ್ವಳ ತೂಕ’ ಒಂದು ಕಡೆಗೂ ‘ನಲವತ್ತೆಂಟು ಪೌಂಡು’ ಇನ್ನೊಂದು ಕಡೆಗೂ ಸರಿದು ನಡುವೆ ತೂಕದ ಸರಕೇ ಕಾಣಿಸಿಕೊಂಡಿತು. ಮೈದಾನ, ಬೆಂಚು, ಮೊಟ್ಟೆ ಕೊಟ್ಟು ಟಿಕೆಟ್ಟು ಪಡೆದು ಕೂತ ಇನ್ನೂರು ಜನ, ಎಲ್ಲರ ಕಣ್ಣೂ ಪ್ಯಾಂಟಿನ ಮೇಲೆ. ಚೆಂಡು ಯಾವಾಗ ದಾಟಿಹೋಯಿತೆಂದು ನೋಡಿದವರಿಲ್ಲ.

ನಾನು ನಗುತ್ತಲೇ ಪುಸ್ತಕದಲ್ಲಿ ‘ತಪ್ಪು’ ಎಂದು ಬರೆದೆ. ಬರೆದ ಮೇಲೆ ಕಣ್ಣಿನಲ್ಲಿ ಉಳಿದಿದ್ದ ಚಿತ್ರ ನಿಧಾನವಾಗಿ ತಲೆಗೆ ಏರಿತು. ಚೆಂಡು ಲೋನಿಯಿಂದ ದೂರವೇ ಹೋಗಿತ್ತು. ಹೊಲಿಗೆ ಬಿಟ್ಟದ್ದು ಅದು ಹೋದ ಮೇಲೆ. ಪ್ಯಾಂಟು ಗಟ್ಟಿಯಿದ್ದಿದ್ದರೂ ಅವನಿಗೆ ಅದು ಎಟುಕುತ್ತಿರಲಿಲ್ಲ. ಅದು ನ್ಯಾಯವಾದ ಹೊಡೆತ.

ಅಳಿಸೋಣ ಎಂದು ಪೆನ್ಸಿಲ್ ತಿರುಗಿಸುವಷ್ಟರಲ್ಲಿ ಸರದಿ ಮುಗಿದು ಡೆಲ್ಬರ್ಟ್ ಬಂದು ಪಕ್ಕದಲ್ಲಿ ಕೂತ. ಪೀಚ್ ಹಣ್ಣಿನ ಕಥೆ ಶುರು ಮಾಡಿದ. ವಾರವಿಡೀ ಅರವತ್ತು ಗಂಟೆ ಕೇಳಿದ ಕಿವಿ ಇದು. ನಾನು ಪೆನ್ಸಿಲನ್ನು ಹಾಗೆಯೇ ಕಿವಿಗೆ ಸಿಕ್ಕಿಸಿಕೊಂಡೆ. ಐದನೆಯ ಇನ್ನಿಂಗ್ಸ್ ಮುಗಿದಾಗ ಮೆಲ್ಲಗೆ ಎದ್ದುಹೋಗಿ ಪುಸ್ತಕ ತೆರೆದು, ಹ್ಯಾಸ್ಕೆಟ್‌ನವರ ಹೊಡೆತದ ಮನೆಯಲ್ಲಿದ್ದ ಸೊನ್ನೆಯ ಮೇಲೆ ಬೆರಳಿಟ್ಟು ಗಸ್‌ಗೆ ತೋರಿಸಿದೆ. ಸೂರ್ಯಕಾಂತಿಗಳ ನಡುವೆ ಅವನ ಮುಖ ಬಿಳಿಚಿತು. ಅವನು ಹೈರಮ್‌ನ ಕಡೆ ನೋಡಿದ, ಹೈರಮ್ ಪಾದ್ರಿಗಳ ಕಡೆ. ಎರಡೇ ನಿಮಿಷದಲ್ಲಿ ಇಡೀ ಬೆಂಚು ಒಂದು ತುದಿಗೆ ಸರಿದು, ಇನ್ನೊಂದು ತುದಿಯಲ್ಲಿ ಡೆಲ್ಬರ್ಟ್ ಒಬ್ಬನೇ ಪೀಚ್ ಹಣ್ಣಿನ ಅರ್ಧದಲ್ಲಿ ಬಾಯಿ ತೆರೆದುಕೊಂಡು ಕೂತಿದ್ದ. ನಮ್ಮ ಹಿಟ್ಟಿನ ತಂಡದಲ್ಲಿ ‘ಹಿಟ್ಟೇ’ ಇಲ್ಲದ ಆಟ, ಎಂದು ಮನಸ್ಸಿನಲ್ಲೇ ಒಂದು ಚಟಾಕಿ ಹೊಸೆದು ಇಟ್ಟುಕೊಂಡೆ. ಎರಡು ಇನ್ನಿಂಗ್ಸ್ ನಿಶ್ಶಬ್ದ ಸವಿದು, ಆಮೇಲೆ ಪುಸ್ತಕ ತಿದ್ದಿ, ಎಲ್ಲರ ಮುಖ ನೋಡುವುದೆಂದು ನನ್ನ ಯೋಜನೆ.

ಏಳನೆಯ ಇನ್ನಿಂಗ್ಸ್ ಮುಗಿದು ನಾವು ಎರಡು ಓಟ ಮುಂದಿದ್ದಾಗ ಪಶ್ಚಿಮದಲ್ಲಿ ಗೋಡೆ ಎದ್ದಿತು. ಕಪ್ಪು ಧೂಳಿನ ಗೋಡೆ, ಚರ್ಚಿನ ಗೋಪುರದ ಹತ್ತರಷ್ಟು ಎತ್ತರ. ಅಂಪೈರ್ ಆಟ ನಿಲ್ಲಿಸಿ ಓಡಿದ. ನಾವೂ ಓಡಿದೆವು. ಬೇರೆ ಕಡೆ ಐದು ಇನ್ನಿಂಗ್ಸ್ ಆದರೆ ಆಟ ಮುಗಿದ ಲೆಕ್ಕ. ನಮ್ಮ ಜಿಲ್ಲೆಯ ನಿಯಮ ಹಾಗಲ್ಲ. ಒಂಬತ್ತೂ ಆಡದಿದ್ದರೆ ಜನ ಮೊಟ್ಟೆ ವಾಪಸ್ಸು ಕೇಳುತ್ತಾರೆ. ಆದ್ದರಿಂದ ನಿಂತಲ್ಲಿಂದಲೇ ಮುಂದಿನ ಶನಿವಾರ ಮುಂದುವರಿಸುವುದೆಂದು ತೀರ್ಮಾನವಾಯಿತು.

ಅಂದರೆ ಒಂದು ವಾರ ಡೆಲ್ಬರ್ಟ್‌ನನ್ನು ಯಾರೂ ಮಾತಾಡಿಸುವಂತಿಲ್ಲ.

ಸೋಮವಾರವೇ ಹೇಳಿಬಿಡೋಣ ಎಂದು ನಾನು ಹೊರಟವನು. ಆದರೆ ಭಾನುವಾರ ಚರ್ಚಿನಲ್ಲಿ ಪಾದ್ರಿ ಏಮ್ಸ್ ಪ್ರವಚನದ ನಡುವೆ, ಕೆಲವು ವಿಷಯಗಳನ್ನು ಬಾಯಿಂದ ಹೇಳದಿರುವುದೇ ಭಕ್ತಿ, ಎಂದು ನಿಲ್ಲಿಸಿದಾಗ ನಾಲ್ಕು ಸಾಲಿನ ಜನ ಕಣ್ಣೊರೆಸಿಕೊಂಡರು. ಐದು ವರ್ಷದಿಂದ ಊರಿನಲ್ಲಿ ಶುರುವಾದದ್ದೆಲ್ಲ ಮುಚ್ಚಿದ್ದೇ. ಇನ್ನೂ ಕೆಡದೆ ಉಳಿದದ್ದು ಇದೊಂದು. ಅದನ್ನು ಕೆಡಿಸುವ ಬಾಯಿ ನನಗಿರಲಿಲ್ಲ. ಒರೆಗಾನ್‌ಗೆ ಹೋಗಲು ರೈಲು ಚಾರ್ಜೂ ಇರಲಿಲ್ಲ.

ಮುಂದಿನ ಶನಿವಾರ ಹ್ಯಾಸ್ಕೆಟ್‌ನವರು ಬರಲಿಲ್ಲ; ಅವರ ಊರಿನಲ್ಲಿ ಯಾರೋ ತೀರಿಕೊಂಡು ಗಾಡಿ ತನ್ನ ಸ್ವಂತ ಕೆಲಸಕ್ಕೆ ಹೋಗಿತ್ತು. ಅದರ ಮುಂದಿನ ಶನಿವಾರ ಧೂಳು. ಮೂರನೆಯ ವಾರ ಅವರ ಇಬ್ಬರು ಆಟಗಾರರು, ಅಣ್ಣ ತಮ್ಮ, ಹಾಸಿಗೆ ಪಾತ್ರೆ ಕಟ್ಟಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋದರು. ನಾಲ್ಕನೆಯ ವಾರ ಆಟಗಾರರು ಸಿಕ್ಕರು, ಪೆಟ್ರೋಲು ಸಿಗಲಿಲ್ಲ.

ಈ ನಡುವೆ ಡೆಲ್ಬರ್ಟ್‌ಗೆ ಏನಾಯಿತೆಂದರೆ, ಏನೂ ಆಗಲಿಲ್ಲ. ಅವನು ಮಾತಾಡುತ್ತಲೇ ಇದ್ದ. ಪದ್ಧತಿ ಇರುವುದು ನಾವು ಅವನನ್ನು ಮಾತಾಡಿಸಬಾರದೆಂದು. ಅವನು ಮಾತಾಡಬಾರದೆಂದು ಯಾರೂ ಬರೆದಿಟ್ಟಿರಲಿಲ್ಲ. ನಾಲ್ಕು ದಿನ ಅವನು ಗೊಂದಲದಲ್ಲಿದ್ದಂತೆ ಕಂಡಿತು. ಐದನೆಯ ದಿನದಿಂದ ಕಣ್ಣಿನಲ್ಲಿ ಏನೋ ಹೊಳಪು. ಚರ್ಚಿನ ಊಟದಲ್ಲಿ ಉಳಿದ ಒಂದೇ ಸೇಬಿನ ಕಡುಬನ್ನು ತಟ್ಟೆಗೆ ಎಳೆದುಕೊಂಡು, ಯಾರಿಗಾದರೂ ಅಭ್ಯಂತರವಿದ್ದರೆ ಈಗಲೇ ಹೇಳಬಹುದು, ಎಂದು ಸುತ್ತ ನೋಡಿದ. ಐವತ್ತು ಜನ ಕಿಟಕಿಯ ಹೊರಗೆ ನೋಡಿದರು. ಗಿರಣಿಯಲ್ಲಿ ಗಸ್‌ನ ಎದುರು ನಿಂತು, ನಿನ್ನಷ್ಟು ನಿಧಾನವಾಗಿ ಬಾಗುವ ಮನುಷ್ಯನನ್ನು ನಾನು ಬದುಕಿರುವವರಲ್ಲಿ ನೋಡಿಲ್ಲ, ತಪ್ಪಿದ್ದರೆ ತಿದ್ದು, ಎಂದ. ಗಸ್ ಟೋಪಿಯನ್ನು ಹಿಂಡಿದ. ಹೈರಮ್‌ನಲ್ಲಿ ಕ್ಷೌರ ಮಾಡಿಸಿಕೊಂಡು, ಇವತ್ತು ಬಿಟ್ಟಿ ತಾನೇ, ಎಂದು ಕೇಳಿ ಮೂರು ಎಣಿಸಿ ಎದ್ದುಹೋದ.

ಅವನ ಹೆಂಡತಿ ಓಪಲ್ ಅವನ ಜೊತೆ ನಾಯಿಯ ಮೂಲಕ ವ್ಯವಹರಿಸುತ್ತಿದ್ದಳು. ಬಸ್ಟರ್, ಸೌದೆ ಮುಗಿದಿದೆ ಅಂತ ಹೇಳು. ಬಸ್ಟರ್, ಕಾಲು ಒರೆಸಿಕೊಂಡು ಒಳಗೆ ಬರೋಕೆ ಹೇಳು. ನಾಯಿ ತನ್ನನ್ನೇ ಗದರುತ್ತಿದ್ದಾಳೆಂದುಕೊಂಡು ಕಾಲೊರೆಸಿಗೆ ಕಾಲು ಉಜ್ಜಿ ಒಳಗೆ ಬರುವುದನ್ನು ಕಲಿತಿತು.

ನನ್ನ ಪಾಡು ಬೇರೆ. ಪಕ್ಕದ ಸ್ಟೂಲಿನಲ್ಲಿ ದಿನಕ್ಕೆ ಹತ್ತು ಗಂಟೆ ಅವನು ನನ್ನನ್ನು ಪ್ರಶ್ನೆ ಕೇಳುತ್ತಿದ್ದ. ಕೇಳಿ, ಉತ್ತರಕ್ಕೆ ಮರ್ಯಾದೆಯಿಂದ ಕಾಯುತ್ತಿದ್ದ. “ಪ್ರೊಫೆಸರ್, ನನ್ನ ಮಾತಿಂದ ಬೇಜಾರಾಗಿದ್ರೆ ಒಂದು ಮಾತು ಹೇಳು, ನಿಲ್ಲಿಸ್ತೀನಿ,” ಎನ್ನುವುದು, ಸೂಜಿ ಮೇಲೆತ್ತಿ ಕಾಯುವುದು, ನಾನು ಚೀಲದೊಳಗೆ ತಲೆ ತೂರಿಸುವುದು, “ಸರಿ ಹಾಗಾದ್ರೆ,” ಎಂದು ಪೀಚ್ ಹಣ್ಣಿಗೆ ಮರಳುವುದು.

ತಮಾಷೆಯೆಂದರೆ ಊರಿಗೆ ಅವನ ಜೊತೆಗಿನ ಮಾತುಕತೆಯ ಚಟ ಹತ್ತಿತ್ತು, ಅದು ಈಗಲೇ ಎಲ್ಲರಿಗೂ ಗೊತ್ತಾದದ್ದು. ಅವನು ಹೇಳುವುದನ್ನು ಕೇಳಬಹುದು, ನಡುವೆ ಒಂದು ‘ಸುಮ್ನಿರೋ’ ಎನ್ನದಿದ್ದರೆ ಅದರಲ್ಲಿ ಉಪ್ಪಿಲ್ಲ. ಮೂರನೆಯ ವಾರ ಹೈರಮ್ ನನ್ನನ್ನು ಕೇಳಿಕೊಂಡ, ಪ್ರೊಫೆಸರ್, ಸ್ವಲ್ಪ ಡೆಲ್ಬರ್ಟ್ ಮಾಡು, ನಾವು ಬೈತೀವಿ. ನಾನು ಡೆಲ್ಬರ್ಟ್‌ನ ಗಂಟಲು ಹಾಕಿ ಸೋದರತ್ತೆಯ ಹಲ್ಲಿನ ಕಥೆ ಶುರು ಮಾಡಿದೆ. ಎಲ್ಲರೂ ನನ್ನನ್ನು ಮನಸಾರೆ ಬೈದರು, ಸಾಕು ನಿಲ್ಸೋ ಪುಣ್ಯಾತ್ಮ ಎಂದರು, ಹೈರಮ್‌ನ ಕಣ್ಣು ತುಂಬಿತು. ಕುರ್ಚಿಯಲ್ಲಿ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಒರಗಿದ್ದ ಡೆಲ್ಬರ್ಟ್ ಕಣ್ಣು ಮುಚ್ಚಿಕೊಂಡೇ ಹೇಳಿದ: “ಅತ್ತೆ ಹಲ್ಲು ಎಡಗಡೆದು ಕಣೋ. ಬಲಗಡೆದಲ್ಲ.”



ಪ್ರತಿ ಶನಿವಾರ ಸಂಬಳದ ಹೊತ್ತಿಗೆ ಗಸ್ ಟೋಪಿ ತೆಗೆದು ಡೆಲ್ಬರ್ಟ್‌ನ ಎದುರು ಬಂದು ನಿಲ್ಲುತ್ತಿದ್ದ. ಬಾಯಿ ತೆರೆಯುತ್ತಿದ್ದ. ಮುಚ್ಚುತ್ತಿದ್ದ. ಹಿಂದೆ ಹೋಗುತ್ತಿದ್ದ. ವಿಚಿಟಾದಿಂದ ಎರಡನೆಯ ಕಾಗದ ಬಂತು, ಮೂರನೆಯದೂ ಬಂತು. ಐದನೆಯ ಶುಕ್ರವಾರ ಅವನು ನನ್ನನ್ನು ಮತ್ತೆ ಧಾನ್ಯದ ಗೋಪುರದ ಹಿಂದಕ್ಕೆ ಕರೆದ. ಟೋಪಿ ಆಗಲೇ ಕೈಯಲ್ಲಿತ್ತು.

“ನಾಳೆಯೊಳಗೆ ಒಂದು ಹೆಸರು ಕಳಿಸದಿದ್ರೆ ಅವರೇ ಮೂರು ಹೆಸರು ಆರಿಸ್ತಾರಂತೆ,” ಎಂದ. “ಡೆಲ್‌ಗೆ ಹೇಳೋಕಾಗಲ್ಲ, ನಿಂಗೇ ಗೊತ್ತಲ್ಲ. ಅವನನ್ನ ಬಿಟ್ರೆ ಕೊನೆಗೆ ಸೇರಿದೋನು ನೀನೇ. ನಾಳೆ ಸಂಜೆ ಪಾಳಿ ಮುಗಿದ ಮೇಲೆ ಬರಬೇಡ ಕಣಯ್ಯ. ತಪ್ಪು ತಿಳ್ಕೋಬೇಡ.”

ನಾನು ಹೊಸೆದ ಹಗ್ಗ ಸುತ್ತಿ ಬಂದು ನನ್ನ ಕುತ್ತಿಗೆಗೇ ಬಿದ್ದಿತ್ತು. ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ: ಚೆಂಡು, ಪ್ಯಾಂಟು, ಸೊನ್ನೆ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಅದು ಹೊಡೆತವೇ ಆಗಿತ್ತು, ಡೆಲ್ಬರ್ಟ್‌ನನ್ನು ಮೊದಲ ದಿನದಿಂದಲೂ ಮಾತಾಡಿಸಬಹುದಿತ್ತು ಎಂದೆ. ಗಸ್ ನನ್ನತ್ತ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

“ಕೆಲಸ ಹೋಗುತ್ತೆ ಅಂದ್ರೆ ಮನುಷ್ಯ ಏನು ಬೇಕಾದ್ರೂ ಹೇಳ್ತಾನೆ,” ಎಂದ. “ಆದ್ರೆ ಊರಲ್ಲಿ ಉಳಿದಿರೋ ಇದೊಂದನ್ನ ನೀನು ಕಿತ್ಕೋತೀಯ ಅಂತ ಅಂದ್ಕೊಂಡಿರ್ಲಿಲ್ಲ.”

ಹುಟ್ಟಿದಂದಿನಿಂದ ನಾನು ಸುಳ್ಳು ಹೇಳಿದಾಗಲೆಲ್ಲ ನಂಬಿದ ಊರು ಅಂದು ನಿಜ ಹೇಳಿದಾಗ ನಂಬಲಿಲ್ಲ. ಹೈರಮ್‌ಗೆ ಹೇಳಿದೆ, ಅವನು ಕತ್ತರಿ ಕೆಳಗಿಟ್ಟ. ಪಾದ್ರಿಗಳಿಗೆ ಹೇಳಿದೆ, ಅವರು ನನಗೋಸ್ಕರ ಅಲ್ಲೇ ಪ್ರಾರ್ಥಿಸಿದರು. ಲೋನಿ ಪೆಕ್‌ಗೆ ಹೇಳಿದೆ. ಅವನು ಐದು ವಾರದಿಂದ ತಪ್ಪು ಹೊತ್ತು ತಿರುಗುತ್ತಿದ್ದವನು, ನಂಬಲು ಆಸೆ ಅವನಿಗೆ. ಆದರೆ, ಪ್ಯಾಂಟು ಹರಿದಾಗ ನಾನು ಕಣ್ಣು ಮುಚ್ಕೊಂಡೆ, ಚೆಂಡು ಎಲ್ಲಿ ಹೋಯ್ತೋ ದೇವರೇ ಬಲ್ಲ, ಎಂದ.

ಶನಿವಾರ ಬೆಳಿಗ್ಗೆ ಪಾಳಿಗೆ ಮುಂಚೆ ಕ್ಷೌರದಂಗಡಿಯಲ್ಲಿ ತಂಡವೆಲ್ಲ ಸೇರಿತ್ತು. ಡೆಲ್ಬರ್ಟ್ ಕುರ್ಚಿಯಲ್ಲಿ ಒರಗಿದ್ದ, ಮುಖದ ತುಂಬ ನೊರೆ. ಸಂಜೆಯಾದರೆ ನನಗೆ ಕೆಲಸವಿಲ್ಲ. ಆ ದಿನ ಚೆಂಡನ್ನು ನೋಡಿರಬಹುದಾದವನು ಈ ಲೋಕದಲ್ಲಿ ಇನ್ನೊಬ್ಬ ಇದ್ದರೆ ಅವನು ಅದನ್ನು ಎಸೆದವನು. ಅವನನ್ನು ಕೇಳಬೇಕು. ಕೇಳುವುದೆಂದರೆ ಮಾತಾಡಿಸುವುದು. ನಾನು ಕುರ್ಚಿಯ ಎದುರು ಹೋಗಿ ನಿಂತಾಗ ಹೈರಮ್‌ನ ಕೈಯಲ್ಲಿದ್ದ ಕತ್ತಿ ಗಾಳಿಯಲ್ಲೇ ನಿಂತಿತು. ಪಾದ್ರಿಗಳು ಕಣ್ಣು ಮುಚ್ಚಿದರು.

“ಡೆಲ್,” ಎಂದೆ. “ಎರಡನೇ ಇನ್ನಿಂಗ್ಸ್‌ನಲ್ಲಿ ಲೋನಿ ಪಕ್ಕ ಹೋಯ್ತಲ್ಲ ಚೆಂಡು. ಅದು ಹೊಡೆತವೋ, ತಪ್ಪೋ?”

ಡೆಲ್ಬರ್ಟ್ ಒಂದು ಕಣ್ಣು ತೆರೆದ. “ನನ್ನನ್ನಾ ಕೇಳಿದ್ದು?”

“ನಿನ್ನನ್ನೇ.”

ಅವನು ಎರಡನೆಯ ಕಣ್ಣನ್ನೂ ತೆರೆದು, ನೊರೆ ಮೆತ್ತಿದ ಮುಖವನ್ನು ಒಬ್ಬೊಬ್ಬರ ಕಡೆಗೂ ತಿರುಗಿಸಿದ. ಆ ಗಳಿಗೆಯಲ್ಲಿ ನನಗೆ ಹೊಳೆಯಿತು: ‘ತಪ್ಪು’ ಎಂಬ ಎರಡಕ್ಷರ ಅವನ ಬಾಯಿಂದ ಬಂದರೆ ಅವನು ಉಳಿಯುತ್ತಾನೆ, ನಾನು ಹೋಗುತ್ತೇನೆ. ಅವನಿಗೆ ಮೂವರು ಹೆಣ್ಣುಮಕ್ಕಳು. ಅವನ ಜಾಗದಲ್ಲಿ ನಾನಿದ್ದರೆ ಕಣ್ಣು ಮಿಟುಕಿಸದೆ ‘ತಪ್ಪು’ ಎನ್ನುತ್ತಿದ್ದೆ.

“ಹೊಡೆತ,” ಎಂದ. “ಸೊಗಸಾದ ಹೊಡೆತ. ಲೋನಿ ಎಡಗಾಲಿಂದ ಮೂರು ಗೇಣು ಆಚೆ ಹೋಯ್ತು. ಹೋದ ಮೇಲೆ ಪ್ಯಾಂಟು ಹರೀತು. ನೀವೆಲ್ಲ ಪ್ಯಾಂಟು ನೋಡ್ತಿದ್ರಿ. ನಾನು ಎಸೆದೋನಲ್ವಾ, ಚೆಂಡು ನೋಡ್ತಿದ್ದೆ.”

ಮತ್ಯಾಕೆ ಐದು ವಾರ ಸುಮ್ಮನಿದ್ದೆ ಎಂದು ಕೇಳಲು ಗಸ್‌ಗೆ ಇನ್ನೂ ಧೈರ್ಯ ಬಂದಿರಲಿಲ್ಲ, ಅಭ್ಯಾಸ ತಪ್ಪಿಹೋಗಿತ್ತು. ಡೆಲ್ಬರ್ಟ್ ತಾನಾಗಿಯೇ ಹೇಳಿದ. ಅಂದು ಗೋಪುರದ ಹಿಂದೆ ನಾವಿಬ್ಬರೂ ಗುಸುಗುಸು ಮಾಡುತ್ತಿದ್ದಾಗ ಅವನು ಅದೇ ಗೋಡೆಯ ಈಚೆ ಚೆರ್ರಿ ಪ್ಯಾಂಟಿಗೆ ಕಾಲು ತೂರಿಸುತ್ತಿದ್ದನಂತೆ. ಆಟ ಮುಗಿದ ಮೇಲೆ ಹೇಳುತ್ತಾರೆಂದು ಗೊತ್ತಿತ್ತು. ಆಟ ಮುಗಿಯಲಿಲ್ಲ. ಬೆಂಚಿನವರು ದೂರ ಸರಿದಾಗ ಮೊದಲು ಅದು ಕೆಲಸ ಹೋಗುವವನ ಮೇಲಿನ ಮರುಕವೆಂದುಕೊಂಡನಂತೆ. ಊರೇ ಸುಮ್ಮನಾದಾಗ, ನಾಲ್ಕು ದಿನ ಯೋಚಿಸಿದ ಮೇಲೆ, ಪ್ರೊಫೆಸರನ ಪೆನ್ಸಿಲಿನ ನೆನಪಾಯಿತಂತೆ.

“ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ,” ಎಂದ. “ಯಾರೂ ಕೇಳ್ಲಿಲ್ಲ.”

“ಈಗ್ಲೂ ಹೇಳದೆ ಇರಬಹುದಿತ್ತಲ್ಲೋ,” ಎಂದೆ ನಾನು. ನನ್ನ ಧ್ವನಿ ನನ್ನದೇ ಆಗಿತ್ತು, ಯಾರ ಅನುಕರಣೆಯೂ ಅಲ್ಲ.

ಡೆಲ್ಬರ್ಟ್ ನೊರೆಯನ್ನು ಬೆರಳಿನಿಂದ ಬಾಯಿಯ ಸುತ್ತ ಸರಿಸಿಕೊಂಡ. “ಐದು ವಾರ ಒಬ್ನೇ ಮಾತಾಡಿ ನೋಡು, ಗೊತ್ತಾಗುತ್ತೆ. ಪೀಚ್ ಹಣ್ಣಿನ ಕಥೆ ನನಗೇ ಬೇಜಾರಾಗೋಯ್ತು. ಸುಮ್ನಿರೋ ಅನ್ನೋಕೆ ಒಬ್ಬ ಬೇಕಲ್ಲಯ್ಯ. ಪಕ್ಕದ ಸ್ಟೂಲಿಂದ ನಿನ್ನನ್ನೂ ಕಳಿಸಿಬಿಟ್ರೆ ಯಾರು ಅಂತಾರೆ?”

ಈಗ ಗಸ್‌ನ ಸರದಿ. ಮಾತಾಡಿಸಲು ಅಡ್ಡಿಯಿರಲಿಲ್ಲ. ಅವನು ಎದ್ದು, ಟೋಪಿ ತೆಗೆದು, ಐದು ವಾರದಿಂದ ನುಂಗಿಕೊಂಡಿದ್ದ ಮಾತಿಗೆ ಬಾಯಿ ತೆರೆದ. ಡೆಲ್ಬರ್ಟ್‌ನನ್ನು ನೋಡಿದ, ನನ್ನನ್ನು ನೋಡಿದ. ಮತ್ತೆ ಅವನನ್ನು. ಗಸ್ ಲೆಕ್ಕದಲ್ಲಿ ಬಹಳ ನಿಧಾನ. ತುಟಿ ಆಡಿಸಿಕೊಂಡೇ ಮಾಡುತ್ತಾನೆ.

“ವಿಚಿಟಾದವರು ಒಂದು ಆಳು ಕಮ್ಮಿ ಮಾಡು ಅಂದಿದ್ದಾರೆ,” ಎಂದ ಕೊನೆಗೆ. “ಯಾರ ಆಳು ಅಂತ ಹೇಳಿಲ್ಲ. ಇವನಲ್ಲಿ ಅರ್ಧ ತೆಗೀತೀನಿ, ನಿನ್ನಲ್ಲಿ ಅರ್ಧ ತೆಗೀತೀನಿ. ಒಂದಾಯ್ತಲ್ಲ. ಮೂರು ದಿನ ನೀನು ಬಾ, ಮೂರು ದಿನ ಅವನು ಬರಲಿ.”

ಅರ್ಧ ಸಂಬಳದಲ್ಲಿ ಅಮ್ಮನಿಗೆ ಏನು ಹೇಳುವುದೆಂದು ನನ್ನ ತಲೆ ಒಂದು ಕಡೆ ಓಡುತ್ತಿದ್ದರೂ ಇನ್ನೊಂದು ಕಡೆಯಿಂದ ಉಸಿರು ಸಲೀಸಾಗಿ ಬಂತು. ಡೆಲ್ಬರ್ಟ್ ಮಾತ್ರ ಬಹಳ ಗಂಭೀರವಾಗಿ ಯೋಚಿಸುತ್ತಿದ್ದ.

“ನನ್ನಲ್ಲಿ ಯಾವ ಅರ್ಧ ತೆಗೀತೀಯ?” ಎಂದು ಕೇಳಿದ. “ಬಾಯಿರೋ ಅರ್ಧ ಬಿಡಪ್ಪ. ಇನ್ನೊಂದರಿಂದ ಹೊಲಿಯೋಕೂ ಬರಲ್ಲ.”

“ಸುಮ್ನಿರೋ,” ಎಂದರು ಹನ್ನೊಂದು ಜನ, ಪಾದ್ರಿಗಳೂ ಸೇರಿ. ಐದು ವಾರದ್ದು ಒಟ್ಟಿಗೆ ಬಂದ ಹಾಗೆ ಕಿಟಕಿ ಗಾಜು ನಡುಗಿತು.

ಆಗ ನಮ್ಮ ಲೆಕ್ಕದಿಂದ ಬಿಟ್ಟುಹೋಗಿದ್ದ ಲೋನಿ ಪೆಕ್ ಒಳಗೆ ಬಂದ. ಅವನು ‘ಹೊಡೆತ’ ಎಂಬ ಮಾತು ಕೇಳಿದೊಡನೆಯೇ ಎದ್ದು ಮನೆಗೆ ಓಡಿದ್ದನಂತೆ. ಕೈಯಲ್ಲಿ ಆ ನೀಲಿ ಹೂವಿನ ಪ್ಯಾಂಟು. ನೇರ ನನ್ನ ಬಳಿ ಬಂದು, ಹರಿದ ಜಾಗವನ್ನು ಎರಡೂ ಕೈಯಲ್ಲಿ ಅಗಲಿಸಿ, ಅದನ್ನು ನನ್ನ ತಲೆಯ ಮೇಲಿಂದ ಭುಜದವರೆಗೆ ಇಳಿಸಿದ. ಹರುಕಿನಲ್ಲಿ ನನ್ನ ಮುಖ, ಎಡಗೆನ್ನೆಗೆ ನಿವ್ವಳ ತೂಕ, ಬಲಗೆನ್ನೆಗೆ ನಲವತ್ತೆಂಟು ಪೌಂಡು, ಪ್ಯಾಂಟಿನ ಎರಡು ಕಾಲೂ ಮೊಲದ ಕಿವಿಯಂತೆ ಬೆನ್ನಿಗೆ ನೇತಾಡುತ್ತಿದ್ದವು.

ಎಲ್ಲರೂ ನಕ್ಕರು. ಗಸ್ ಡರ್ಕ್ಸನ್ ಕೂಡ ನಕ್ಕ, ಶವಪೆಟ್ಟಿಗೆಗೆ ಹಲ್ಲಿದೆಯೆಂದು ಊರಿಗೆ ಅಂದು ತಿಳಿಯಿತು. ಆದರೆ ಡೆಲ್ಬರ್ಟ್ ನಕ್ಕದ್ದೇ ಬೇರೆ. ಕುರ್ಚಿಯ ಎರಡು ತೋಳು ಹಿಡಿದು, ಕಾಲು ಬಡಿದು, ನೊರೆ ಕನ್ನಡಿಗೆ ಹಾರುವಂತೆ, ಎಲ್ಲರ ನಗೆಯೂ ಮುಗಿದ ಮೇಲೂ ಒಬ್ಬನೇ ನಗುತ್ತಿದ್ದ. ಬೀದಿಯ ಆಚೆ ಬಟ್ಟೆ ಒಣಗಿಸುತ್ತಿದ್ದ ಓಪಲ್ ಗಾಬರಿಯಾಗಿ ಬಾಗಿಲಿಗೆ ಬಂದು, ಬಸ್ಟರ್, ಏನಾಯ್ತು ಅಂತ ಅವರನ್ನ ಕೇಳು, ಎಂದಳು. ನಾಯಿ ಕಾಲೊರೆಸಿಗೆ ನಾಲ್ಕು ಕಾಲೂ ಉಜ್ಜಿ ಒಳಗೆ ಬಂದು ಅವನೆದುರು ಕೂತಿತು. ಅದನ್ನು ನೋಡಿ ಅವನು ಮತ್ತೆ ಮೊದಲಿನಿಂದ ನಗಲು ಶುರು ಮಾಡಿದ.